ಅಣುಯುದ್ಧ ಆದ್ಮೇಲೆ ಕುಡುಮಲಕುಂಟೆ: ‘ಟ್ವೈಲೈಟ್ 2000’ ಹೊಸ ಎಡಿಷನ್ ಹೇಗಿದೆ?

‘ಟ್ವೈಲೈಟ್ 2000’ ಅನ್ನೋ ಹೆಸರು ಕೇಳಿದ ತಕ್ಷಣ ರಕ್ತಪಿಶಾಚಿ ಲವ್ ಸ್ಟೋರಿ ನೆನಪಾದ್ರೆ ಅದನ್ನ ಪಕ್ಕಕ್ಕಿಡಿ. ಇದು ಅದಕ್ಕಿಂತ ಹಳೇದು. 1984ರಲ್ಲಿ ಅಮೆರಿಕದ ಜಿಡಿಡಬ್ಲ್ಯೂ ಅನ್ನೋ ಕಂಪನಿ ಹೊರತಂದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಡಿಸೈನ್ ಮಾಡಿದ್ದು ಫ್ರಾಂಕ್ ಚ್ಯಾಡ್ವಿಕ್. ಮೂರನೇ ಮಹಾಯುದ್ಧ ನಡೆದು, ಅಣುಬಾಂಬ್ ಬಿದ್ದು, ಸರ್ಕಾರ, ಕರೆಂಟು, ಪೆಟ್ರೋಲು ಎಲ್ಲಾ ನಿಂತುಹೋದ ಮೇಲೆ ಒಂದಷ್ಟು ಜನ ಹೇಗೆ ಬದುಕ್ತಾರೆ ಅನ್ನೋದೇ ಆಟ. ಇದರ ನಾಲ್ಕನೇ ಎಡಿಷನ್ನನ್ನು 2021ರಲ್ಲಿ ಸ್ವೀಡನ್ನಿನ ಫ್ರೀ ಲೀಗ್ ಕಂಪನಿ ಹೊರತಂದಿತು. ಆವತ್ತಿಂದ ಈ ಎಡಿಷನ್ ಬಗ್ಗೆ ಹಳೇ ಆಟಗಾರರೂ ಹೊಸಬರೂ ಜಗಳ ಆಡ್ತಾನೇ ಇದ್ದಾರೆ. ಆ ಜಗಳ ಏನು, ಯಾರ ಮಾತಲ್ಲಿ ಎಷ್ಟು ಹುರುಳಿದೆ, ಮತ್ತೆ ಈ ಆಟವನ್ನ ಪೋಲೆಂಡ್ ಬಿಟ್ಟು ನಮ್ಮ ಗೌರಿಬಿದನೂರು ಕಡೆ ತಂದ್ರೆ ಯಾವ ರೂಲ್ ನಿಲ್ಲತ್ತೆ, ಯಾವುದು ಬೀಳತ್ತೆ ಅಂತ ಹೇಳೋಕೆ ಈ ಲೇಖನ.

ಮೊದಲು: ಇದೆಂಥ ಆಟ?

ರೋಲ್‌ಪ್ಲೇಯಿಂಗ್ ಅಂದ್ರೆ ಕ್ಯಾಂಪಸ್‌ನಲ್ಲಿ ಬಹಳ ಜನಕ್ಕೆ ವಿಡಿಯೋ ಗೇಮ್ ನೆನಪಾಗತ್ತೆ. ಇಲ್ಲಿ ಸ್ಕ್ರೀನ್ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತ್ಕೋತಾರೆ. ಒಬ್ಬ ರೆಫ್ರೀ. ಉಳಿದವರಿಗೆ ಒಂದೊಂದು ಪಾತ್ರ. ರೆಫ್ರೀ “ಸೇತುವೆ ಮೇಲೆ ಮೂರು ಜನ ಬಂದೂಕು ಹಿಡ್ಕೊಂಡು ನಿಂತಿದ್ದಾರೆ, ಏನ್ ಮಾಡ್ತೀರಾ?” ಅಂತಾನೆ. ಆಟಗಾರರು ತಮ್ಮ ಪಾತ್ರ ಏನು ಮಾಡತ್ತೆ, ಏನು ಮಾತಾಡತ್ತೆ ಅಂತ ಹೇಳ್ತಾರೆ. ಆಗತ್ತೋ ಇಲ್ವೋ ಅನ್ನೋ ಅನುಮಾನ ಇದ್ದಲ್ಲಿ ಡೈಸ್ ಉರುಳಿಸ್ತಾರೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥ ಆಗತ್ತೆ. ಅಲ್ಲಿ ಅರ್ಥಧಾರಿಗಳು ವೇಷ ಕಟ್ಟಲ್ಲ, ಕುಣಿಯಲ್ಲ. ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ, ಮಾತನ್ನ ಅಲ್ಲೇ ಹುಟ್ಟಿಸ್ತಾರೆ. ಕರ್ಣನ ಕಥೆ ಎಲ್ಲಿ ಮುಗಿಯತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ಇವತ್ತು ಕರ್ಣ ಏನು ವಾದ ಮಾಡ್ತಾನೆ ಅಂತ ಗೊತ್ತಿರಲ್ಲ. ರೋಲ್‌ಪ್ಲೇಯಿಂಗ್‌ನಲ್ಲಿ ಕಥೆಯ ಕೊನೆಯೂ ಗೊತ್ತಿರಲ್ಲ, ಅದನ್ನ ಡೈಸ್ ಮತ್ತು ಆಟಗಾರರು ಸೇರಿ ತೀರ್ಮಾನ ಮಾಡ್ತಾರೆ. ಈ ಬಗೆಯ ಆಟಗಳ ಮೊದಲನೇದು ಅನ್ನಿಸ್ಕೊಳ್ಳೋ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದಿದ್ದು 1974ರಲ್ಲಿ. ಪ್ರಳಯ ಆದ ಮೇಲಿನ ಲೋಕದ ಆಟಗಳು ಸ್ವಲ್ಪ ವರ್ಷ ಆದ್ಮೇಲೆ ಶುರುವಾದವು: 1978ರಲ್ಲಿ ‘ಗಾಮಾ ವರ್ಲ್ಡ್’, 2010ರಲ್ಲಿ ‘ಅಪೋಕ್ಯಾಲಿಪ್ಸ್ ವರ್ಲ್ಡ್’, 2014ರಲ್ಲಿ ‘ಮ್ಯೂಟೆಂಟ್: ಇಯರ್ ಝೀರೋ’. ಗಾಮಾ ವರ್ಲ್ಡ್‌ನಲ್ಲಿ ಎರಡು ತಲೆ ಮೊಲಗಳೂ ಮಾತಾಡೋ ಗಿಡಗಳೂ ಇರ್ತಾವೆ. ಟ್ವೈಲೈಟ್ 2000ದಲ್ಲಿ ಅಂಥದ್ದೇನೂ ಇಲ್ಲ. ಹಸಿವು, ಬಾಯಾರಿಕೆ, ಕಾಯಿಲೆ, ಗುಂಡು. ಅಷ್ಟೇ. ನಂಗೆ ಇದು ಇಷ್ಟ ಆಗೋದೂ ಅದಕ್ಕೇ.

ಕಥೆಯ ಚೌಕಟ್ಟು ಹೀಗಿದೆ. ಇಸವಿ 2000. ಪೋಲೆಂಡಿನ ಕಾಲಿಶ್ ಅನ್ನೋ ಊರಿನ ಹತ್ರ ಅಮೆರಿಕದ ಒಂದು ದೊಡ್ಡ ಸೇನಾ ಡಿವಿಷನ್ ಛಿದ್ರವಾಗಿದೆ. ಮೇಲಿನಿಂದ ಇನ್ಮುಂದೆ ಆರ್ಡರ್ ಬರಲ್ಲ. ಉಳಿದ ನಾಲ್ಕೈದು ಜನ ಏನು ಬೇಕಾದ್ರೂ ಮಾಡ್ಬಹುದು: ಮನೆ ಕಡೆ ಹೊರಡಬಹುದು, ಒಂದು ಹಳ್ಳಿಯನ್ನ ಕಾಯಬಹುದು, ದರೋಡೆಕೋರರಾಗಬಹುದು. ಡೀಸೆಲ್ ಇಲ್ಲದ ಕಾರಣ ಸಿಕ್ಕಿದ ಧಾನ್ಯ, ಕೊಳೆತ ಹಣ್ಣು ಹುದುಗಿಸಿ ಆಲ್ಕೋಹಾಲ್ ಬಟ್ಟಿ ಇಳಿಸಿ ಗಾಡಿ ಓಡಿಸ್ಬೇಕು. ಅಂದ್ರೆ ಆಟದ ತುಂಬಾ ಮುಖ್ಯವಾದ ಆಸ್ತಿ ಟ್ಯಾಂಕ್ ಅಲ್ಲ, ಅದನ್ನ ಎಳೀತಾ ಹೋಗೋ ಬಟ್ಟಿ.

ಎಡಿಷನ್‌ಗಳ ಕಥೆ

1984ರ ಮೊದಲ ಎಡಿಷನ್‌ನಲ್ಲಿ ಸ್ಕಿಲ್‌ಗಳು ಪರ್ಸೆಂಟೇಜ್‌ನಲ್ಲಿ ಇದ್ದವು. ನಿಮ್ಮ ಸ್ಕಿಲ್ 60 ಅಂದ್ರೆ ಮಾಮೂಲಿ ಕೆಲಸಕ್ಕೆ 60 ಪರ್ಸೆಂಟ್ ಚಾನ್ಸ್, ಕಷ್ಟದ ಕೆಲಸಕ್ಕೆ ಅದರ ಅರ್ಧ, ಸುಲಭದ್ದಕ್ಕೆ ಡಬಲ್. 1990ರ ಎರಡನೇ ಎಡಿಷನ್ 10 ಮುಖದ ಡೈಸ್‌ಗೆ ಬಂತು, 1993ರ 2.2 ಆವೃತ್ತಿ 20 ಮುಖಕ್ಕೆ ಹೋಯ್ತು. 1996ರಲ್ಲಿ ಜಿಡಿಡಬ್ಲ್ಯೂ ಬಾಗಿಲು ಹಾಕ್ತು. 2008ರಲ್ಲಿ ಬೇರೆ ಕಂಪನಿಯೊಂದು ‘ಟ್ವೈಲೈಟ್ 2013’ ಅಂತ ಮೂರನೇದನ್ನ ತಂತು, ಅದು ಹೆಚ್ಚು ದಿನ ನಡೀಲಿಲ್ಲ. ಆಮೇಲೆ 2021ರದ್ದು.

ಹೊಸ ಎಡಿಷನ್ ಇಡೀ ಯಂತ್ರವನ್ನೇ ಬದಲಾಯಿಸಿದೆ. ಇಲ್ಲಿ ನಾಲ್ಕು ಗುಣಗಳು: ಬಲ, ಚುರುಕು, ಬುದ್ಧಿ, ಸಹಾನುಭೂತಿ. ಪ್ರತಿಯೊಂದರ ಕೆಳಗೆ ಮೂರು ಸ್ಕಿಲ್, ಒಟ್ಟು 12. ಎಲ್ಲಕ್ಕೂ ನಮ್ಮ ಇಂಟರ್ನಲ್ಸ್ ಥರ ಗ್ರೇಡ್. ಎ ಅಂದ್ರೆ 12 ಮುಖದ ಡೈಸ್, ಬಿ ಅಂದ್ರೆ 10, ಸಿ ಅಂದ್ರೆ 8, ಡಿ ಅಂದ್ರೆ 6. ಸ್ಕಿಲ್ಲೇ ಇಲ್ಲ ಅಂದ್ರೆ ಎಫ್, ಡೈಸ್ ಇಲ್ಲ. ಒಂದು ಕೆಲಸಕ್ಕೆ ಗುಣದ ಡೈಸ್ ಒಂದು, ಸ್ಕಿಲ್ಲಿನ ಡೈಸ್ ಒಂದು ಸೇರಿಸಿ ಉರುಳಿಸ್ತೀರ. ಯಾವುದಾದ್ರೂ ಒಂದರಲ್ಲಿ 6 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಕೆಲಸ ಆಯ್ತು. 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಅದು ಎರಡು ಸಕ್ಸೆಸ್.

ಪ್ರಾಬಬಿಲಿಟಿ ಪೇಪರ್ ಬರ್ದಿರೋರಿಗೆ ಇದು ಐದು ನಿಮಿಷದ ಲೆಕ್ಕ. 6 ಮುಖದ್ದರಲ್ಲಿ ಗೆಲ್ಲೋ ಚಾನ್ಸ್ 6ರಲ್ಲಿ 1, ಅಂದ್ರೆ 16.7 ಪರ್ಸೆಂಟ್. 8 ಮುಖದ್ದರಲ್ಲಿ 8ರಲ್ಲಿ 3, 37.5. ಹತ್ತರಲ್ಲಿ ಸರಿಯಾಗಿ 50. ಹನ್ನೆರಡರಲ್ಲಿ 58.3. ಈಗ ಬುದ್ಧಿ ಬಿ, ಟೆಕ್ ಸ್ಕಿಲ್ ಸಿ ಇರೋ ಒಬ್ಬಳು ಮೆಕ್ಯಾನಿಕ್ ಕೆಟ್ಟ ಪಂಪ್ ರಿಪೇರಿಗೆ ಕೂತಿದ್ದಾಳೆ. ಎರಡೂ ಡೈಸ್ ಕೈಕೊಡೋ ಚಾನ್ಸ್ 5/10 ಗುಣಿಸು 5/8, ಅಂದ್ರೆ 31.25 ಪರ್ಸೆಂಟ್. ಹಾಗಾಗಿ ಅವಳು ಗೆಲ್ಲೋದು 68.75. ಎರಡೂ ಎ ಇರೋ ಪರಿಣತನೂ 17.4 ಪರ್ಸೆಂಟ್ ಸಲ ಸೋಲ್ತಾನೆ. ಈ ಲೋಕದಲ್ಲಿ ಯಾರೂ ಸೇಫ್ ಅಲ್ಲ ಅನ್ನೋದನ್ನ ಆಟ ಬಾಯಲ್ಲಿ ಹೇಳಲ್ಲ, ಲೆಕ್ಕದಲ್ಲೇ ಇಟ್ಟಿದೆ.

ಇದರ ಜೊತೆ ‘ಪುಷ್’ ಅಂತ ಒಂದಿದೆ. ಸೋತ್ರೆ ಡೈಸನ್ನ ಮತ್ತೆ ಉರುಳಿಸಬಹುದು, ಆದ್ರೆ 1 ತೋರಿಸ್ತಿರೋದನ್ನ ಮುಟ್ಟೋ ಹಾಗಿಲ್ಲ. ಪುಷ್ ಆದ್ಮೇಲೆ ಕಾಣೋ ಪ್ರತಿ 1ಕ್ಕೂ ಮೈಗೆ ಏಟು ಅಥವಾ ಮನಸ್ಸಿಗೆ ಒತ್ತಡ, ಬಂದೂಕಾದ್ರೆ ಅದೇ ಸವೀತಾ ಹೋಗತ್ತೆ. 8 ಮುಖದ ಒಂದೇ ಡೈಸ್ ಇರೋನಿಗೆ ಮೊದಲು 37.5 ಪರ್ಸೆಂಟ್. ಪುಷ್ ಸೇರಿಸಿದ್ರೆ 56.25ಕ್ಕೆ ಏರತ್ತೆ. ಚಾನ್ಸ್ ಅಷ್ಟು ಏರತ್ತೆ ಅಂದಾಗ ಎಲ್ಲರಿಗೂ ಆಸೆ. ಆಸೆಗೆ ಬೆಲೆ ತೆರಬೇಕು. ಮೇಜಿನ ಮೇಲೆ ಟೆನ್ಷನ್ ಹುಟ್ಟೋದು ಇಲ್ಲೇ.

ಜಗಳ ಏನು?

ಹಳಬರ ಮೊದಲ ಕಂಪ್ಲೇಂಟು ಬಂದೂಕುಗಳದ್ದು. ಹಳೇ ಎಡಿಷನ್‌ಗಳಲ್ಲಿ ಒಂದೊಂದು ರೈಫಲ್ಲಿಗೂ ಅದರದ್ದೇ ನಂಬರ್‌ಗಳ ಸಾಲು ಇರ್ತಿತ್ತು, ಅದನ್ನ ಓದೋದೇ ಒಂದು ಖುಷಿ. ಹೊಸದರಲ್ಲಿ ಡೈಸ್ ಗ್ರೇಡ್‌ಗೆ ಇಳಿಸಿರೋದ್ರಿಂದ ಅಕ್ಕಪಕ್ಕದ ರೈಫಲ್‌ಗಳು ಒಂದೇ ಥರ ಕಾಣ್ತಾವೆ. ಈ ಮಾತು ನಿಜ. ಆದ್ರೆ ಬದಲಿಗೆ ಸಿಕ್ಕಿರೋದನ್ನೂ ನೋಡ್ಬೇಕು. ಹೊಸ ರೂಲ್‌ನಲ್ಲಿ ಗುಂಡು ಹಾರಿಸುವಾಗ 6 ಮುಖದ ‘ಅಮ್ಮೋ ಡೈಸ್’ ಸೇರಿಸ್ಕೋಬಹುದು. ಬಂದ 6ಗಳು ಲಾಭ. ಆದ್ರೆ ಆ ಡೈಸ್‌ಗಳ ಒಟ್ಟು ಮೊತ್ತ ಎಷ್ಟೋ ಅಷ್ಟು ಗುಂಡು ಖರ್ಚು. ಮೂರು ಡೈಸ್ ಹಾಕಿದ್ರೆ ಸರಾಸರಿ 10.5 ಗುಂಡು ಹೋಯ್ತು. ಕಾಗದದಲ್ಲಿ 28 ಗುಂಡು ಬರ್ಕೊಂಡಿರೋ ಹುಡುಗ ಒಂದು ನಿಮಿಷ ಯೋಚನೆ ಮಾಡ್ತಾನೆ. ಗುಂಡು ಹಾರಿಸೋದಕ್ಕಿಂತ ಮಾತಾಡಿ ನೋಡೋಣ ಅಂತ ಶುರು ಮಾಡ್ತಾನೆ. ಹಳೇ ಟೇಬಲ್‌ಗಳು ಕೊಡದ ಒಂದು ನಡವಳಿಕೆಯನ್ನ ಮೂರು ಡೈಸ್ ಕೊಡ್ತು.

ಎರಡನೇ ಜಗಳ ಇತಿಹಾಸದ್ದು. 1984ರಲ್ಲಿ ಬರೆದವರಿಗೆ 2000 ಅನ್ನೋದು ಭವಿಷ್ಯ. ಇದು ನಿಜವಾಗ್ಲೂ ಆಗಬಹುದು ಅನ್ನೋ ಭಯದಲ್ಲೇ ಜನ ಆಡಿದ್ದು. ಹೊಸ ಎಡಿಷನ್‌ಗೆ 2000 ಅನ್ನೋದು ಭೂತಕಾಲ. ಹಾಗಾಗಿ ಅವರು ಚರಿತ್ರೆಯನ್ನ ಒಂದು ಕಡೆ ತಿರುಗಿಸಿದ್ದಾರೆ: 1991ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ನಡೆದ ಕ್ಷಿಪ್ರಕ್ರಾಂತಿ ನಿಜದಲ್ಲಿ ಸೋತಿತು, ಆಟದಲ್ಲಿ ಗೆಲ್ಲತ್ತೆ, ಸೋವಿಯತ್ ಒಕ್ಕೂಟ ಉಳಿಯತ್ತೆ. “ಭಯ ಹೋಯ್ತು, ಇದು ಬರೀ ಕಾಲ್ಪನಿಕ ಚರಿತ್ರೆ” ಅನ್ನೋದು ಒಂದು ಗುಂಪಿನ ವಾದ. ಆದ್ರೆ ಪುಸ್ತಕ ಬಂದು ಕೆಲವೇ ತಿಂಗಳಲ್ಲಿ, 2022ರ ಫೆಬ್ರವರಿ 24ಕ್ಕೆ, ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡ್ತು. ಪೋಲೆಂಡಿನ ಗಡಿ ದಾಟ್ತಾ ಲಕ್ಷಾಂತರ ಜನ ನಡೆದು ಬಂದ್ರು. ಆಗ ಪೂರ್ವ ಯುರೋಪಿನ ನಿರಾಶ್ರಿತರ ಬಗ್ಗೆ ಡೈಸ್ ಆಟ ಆಡೋದು ಸರೀನಾ ಅನ್ನೋ ಪ್ರಶ್ನೆ ಎದ್ದಿತು. ಕಾಲ್ಪನಿಕ ಅಂತ ಬೈಸಿಕೊಂಡಿದ್ದ ಪುಸ್ತಕ ತೀರಾ ಹತ್ತಿರದ್ದು ಆಗಿಹೋಯ್ತು.

ನಂಗನ್ನಿಸೋದು, ಆಡೋದು ತಪ್ಪಲ್ಲ. ಆದ್ರೆ ಯಾರಾಗಿ ಆಡ್ತೀವಿ ಅನ್ನೋದು ಮುಖ್ಯ. ಹಳೇ ಆಟದ ಚೌಕಟ್ಟು ಅಮೆರಿಕದ ಸೈನಿಕನ ಸುತ್ತ ಇತ್ತು, ಊರವರು ಹಿನ್ನೆಲೆಯಲ್ಲಿ ನಿಂತಿರ್ತಿದ್ರು. ಹೊಸದರಲ್ಲಿ ಅದೇ ಊರಿನ ನಾಗರಿಕರಾಗಿಯೂ ಆಡೋಕೆ ಜಾಗ ಇದೆ. ಪಾತ್ರ ಕಟ್ಟೋ ವಿಧಾನವೂ ಚೆನ್ನಾಗಿದೆ: ಬಾಲ್ಯ, ಓದು, ಕೆಲಸ ಅಂತ ಒಂದೊಂದೇ ಹಂತ ದಾಟ್ತೀರ, ಪ್ರತಿ ಹಂತ ಮುಗಿದಾಗ ಯುದ್ಧ ಶುರುವಾಯ್ತಾ ಅಂತ ಡೈಸ್ ಕೇಳ್ತೀರ. ನೀವು ಇನ್ನೊಂದು ಡಿಗ್ರಿ ಮಾಡೋಣ ಅಂದ್ಕೊಂಡಿರ್ತೀರ, ಡೈಸ್ “ಇಲ್ಲ, ಯುದ್ಧ ಬಂತು” ಅನ್ನತ್ತೆ. ಓದು ಅರ್ಧಕ್ಕೆ ನಿಂತ ಪಾತ್ರ ಕೈಗೆ ಸಿಗತ್ತೆ.

ಮೂರನೇ ಜಗಳ ಲೆಕ್ಕ ಬರೆಯೋದ್ರದ್ದು. ದಿನವನ್ನ ಆರಾರು ಗಂಟೆಯ ನಾಲ್ಕು ಶಿಫ್ಟ್ ಮಾಡಿದ್ದಾರೆ. ಪ್ರತಿ ಶಿಫ್ಟ್‌ನಲ್ಲಿ ಯಾರು ನಡೀತಾರೆ, ಯಾರು ಕಾವಲು, ಯಾರು ಸೊಪ್ಪು ಹುಡುಕ್ತಾರೆ, ಯಾರು ಮಲಗ್ತಾರೆ ಅಂತ ಹೇಳ್ಬೇಕು. ದಿನಕ್ಕೆ ಒಬ್ಬರಿಗೆ ಒಂದು ಪಾಲು ಊಟ, ಒಂದು ಪಾಲು ಶುದ್ಧ ನೀರು. ಮ್ಯಾಪಿನಲ್ಲಿ ಜೇನುಗೂಡಿನ ಥರ ಷಟ್ಕೋನಗಳು, ಒಂದೊಂದು 10 ಕಿಲೋಮೀಟರ್. ದಾರಿಯಲ್ಲಿ ಏನು ಎದುರಾಗತ್ತೆ ಅಂತ ಇಸ್ಪೀಟ್ ಎಲೆ ಎಳೆದು ನೋಡ್ತಾರೆ. “ಇದೇನು ಆಟಾನೋ, ಮೆಸ್ ಕಮಿಟಿ ಮೀಟಿಂಗೋ” ಅಂತ ಬೇಜಾರು ಮಾಡ್ಕೊಳ್ಳೋರು ಇದ್ದಾರೆ. ಈ ವಿಷಯದಲ್ಲಿ ನಾನು ಪೂರ್ತಿ ಹೊಸ ಎಡಿಷನ್ ಪರ. ಯಾಕೆ ಅಂತ ಹೇಳೋಕೆ ಪೋಲೆಂಡ್ ಬಿಟ್ಟು ಗೌರಿಬಿದನೂರಿಗೆ ಬರ್ಬೇಕು.

ಯಾಕೆ ಗೌರಿಬಿದನೂರು?

ಅಣುಯುದ್ಧದ ಆಟಕ್ಕೂ ಈ ಊರಿಗೂ ನಿಜವಾದ ಸಂಬಂಧ ಇದೆ. 1963ರಲ್ಲಿ ಅಮೆರಿಕ, ಸೋವಿಯತ್, ಬ್ರಿಟನ್ ಸೇರಿ ಗಾಳಿಯಲ್ಲಿ, ನೀರಲ್ಲಿ, ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ಮಾಡಲ್ಲ ಅಂತ ಒಪ್ಪಂದ ಮಾಡ್ಕೊಂಡ್ವು. ನೆಲದ ಒಳಗಿನ ಪರೀಕ್ಷೆಗೆ ನಿಷೇಧ ಇರಲಿಲ್ಲ. ನೆಲದೊಳಗಿನ ಸ್ಫೋಟ ಕಂಡುಹಿಡಿಯೋ ಮುಖ್ಯ ದಾರಿ ಭೂಕಂಪನ ಅಳೆಯೋದು. ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಮಾದರಿಯಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ, ಮತ್ತೆ ನಮ್ಮ ಗೌರಿಬಿದನೂರು, ಹೀಗೆ ಸೀಸ್ಮಿಕ್ ಅರೇಗಳು ಬಂದವು. ಗೌರಿಬಿದನೂರಿನದ್ದು 1960ರ ದಶಕದ ಮಧ್ಯದಲ್ಲಿ ಶುರುವಾಗಿದ್ದು, ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಹೊಲ, ಬಂಡೆಗಳ ನಡುವೆ ‘ಎಲ್’ ಅಕ್ಷರದ ಆಕಾರದಲ್ಲಿ 20 ಸೈಸ್ಮೋಮೀಟರ್‌ಗಳು.

ಒಂದರ ಬದಲು 20 ಯಾಕೆ? ಸಿಗ್ನಲ್ಸ್ ಓದ್ತಿರೋರಿಗೆ ಗೊತ್ತು. ದೂರದ ಸ್ಫೋಟದ ಅಲೆ ಒಂದೊಂದು ಸೆನ್ಸರ್‌ಗೆ ಸ್ವಲ್ಪ ಹಿಂದೆ ಮುಂದೆ ತಲುಪತ್ತೆ. ಆ ವ್ಯತ್ಯಾಸದಿಂದ ಅಲೆ ಯಾವ ದಿಕ್ಕಿಂದ ಬಂತು ಅಂತ ತಿಳಿಯತ್ತೆ. ಅದನ್ನ ಸರಿಹೊಂದಿಸಿ ಎಲ್ಲಾ ಸಿಗ್ನಲ್ ಕೂಡಿಸಿದ್ರೆ ಸಿಗ್ನಲ್ 20 ಪಟ್ಟು ಬೆಳೆಯತ್ತೆ, ಒಂದಕ್ಕೊಂದು ಸಂಬಂಧ ಇಲ್ಲದ ಗದ್ದಲ ಅದರ ವರ್ಗಮೂಲದಷ್ಟು, ಸುಮಾರು 4.5 ಪಟ್ಟು ಮಾತ್ರ. ಅಂದ್ರೆ ಗದ್ದಲದ ಎದುರು ಸಿಗ್ನಲ್ ಸುಮಾರು 4.5 ಪಟ್ಟು ಗಟ್ಟಿ. ಭೂಮಿಯ ಇನ್ನೊಂದು ಮೂಲೆಯಲ್ಲಿ ಬಾಂಬ್ ಸಿಡಿದ್ರೆ ಕಡಲೆಕಾಯಿ ಹೊಲದ ಕೆಳಗಿನ ಬಂಡೆಗೆ ಗೊತ್ತಾಗತ್ತೆ!

ಅದೇ ತಾಲ್ಲೂಕಿನಲ್ಲಿ ರೇಡಿಯೋ ವೀಕ್ಷಣಾಲಯವೂ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. ‘ಟಿ’ ಆಕಾರದಲ್ಲಿ 1000 ಡೈಪೋಲ್ ಆಂಟೆನಾ, 34.5 ಮೆಗಾಹರ್ಟ್ಸ್.

ಈಗ ಆಟದ ಓಪನಿಂಗ್ ಯೋಚನೆ ಮಾಡಿ. ನಮ್ಮಲ್ಲಿ ಯಾವ ಬಾಂಬೂ ಬಿದ್ದಿಲ್ಲ. ಆದ್ರೆ ಅರೇಯ ಗ್ರಾಫ್‌ನಲ್ಲಿ ಒಂದೇ ರಾತ್ರಿಯಲ್ಲಿ ಲೆಕ್ಕ ಇಲ್ಲದಷ್ಟು ಗೆರೆಗಳು ಎದ್ದು ಬಿದ್ದಿವೆ. ಮೂರು ದಿನ ಆದ್ಮೇಲೆ ಕರೆಂಟ್ ಹೋಯ್ತು. ಬೆಂಗಳೂರಿಂದ ರೈಲು ಬರ್ಲಿಲ್ಲ. ಆಟಗಾರರು ಊರಿಂದ ಸ್ವಲ್ಪ ದೂರದ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಯಲ್ಲಿದ್ದ ನಾಲ್ಕು ಜನ.

ಕುಡುಮಲಕುಂಟೆ ಯಾಕೆ ಅಂದ್ರೆ, ಇಂಥ ಆಟಕ್ಕೆ ಬೇಕಾದ್ದು ಅಲ್ಲಿದೆ. ಕೈಗಾರಿಕಾ ಪ್ರದೇಶ ಅಂದ್ಮೇಲೆ ಶೆಡ್‌ಗಳು, ಕಾಂಪೌಂಡ್ ಗೋಡೆ, ಜನರೇಟರ್, ವೆಲ್ಡಿಂಗ್ ಸೆಟ್, ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು. ಸುತ್ತ ಹಳ್ಳಿಗಳು, ಮುಸುಕಿನ ಜೋಳ, ರಾಗಿ. ಬೆಂಗಳೂರಿಂದ ಗೌರಿಬಿದನೂರು ಸುಮಾರು 75 ಕಿಲೋಮೀಟರ್, ಅಂದ್ರೆ ಆಟದ ಮ್ಯಾಪಿನಲ್ಲಿ ಏಳೆಂಟು ಷಟ್ಕೋನ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು, ಆಮೇಲೆ ಆಂಧ್ರದ ಹಿಂದೂಪುರ, ಎಲ್ಲಾ ಒಂದೇ ರೈಲ್ವೆ ಲೈನಿನಲ್ಲಿ. ಬೆಂಗಳೂರಿಂದ ಹಸಿದ ಜನ ನಡೆದು ಬರೋದೂ ಇದೇ ದಾರಿಯಲ್ಲಿ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಪರ್ಸುವೇಷನ್ ಡೈಸ್ ಉರುಳಿಸೋ ಮೊದಲು ಯಾವ ಭಾಷೆಯಲ್ಲಿ ಮಾತಾಡ್ತೀಯ ಅಂತ ರೆಫ್ರೀ ಕೇಳ್ಬಹುದು.

ನೀರಿನ ರೂಲ್ ಇಲ್ಲಿ ಮುರಿಯತ್ತೆ

ಪೋಲೆಂಡಿನಲ್ಲಿ ನದಿಗಳು ವರ್ಷಪೂರ್ತಿ ಹರೀತಾವೆ. ಅದಕ್ಕೇ ಪುಸ್ತಕದಲ್ಲಿ ನೀರಿನ ಸಮಸ್ಯೆ ಅಂದ್ರೆ ಕೊಳಕು ನೀರಿನ ಸಮಸ್ಯೆ: ಸಿಕ್ಕ ನೀರನ್ನ ಕುದಿಸಿ ಕುಡಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹೋಗೋ ಉತ್ತರ ಪಿನಾಕಿನಿ ಬಹುಪಾಲು ದಿನ ಮರಳೇ. ಇಲ್ಲಿ ಕುಡಿಯೋದು ಬೋರ್‌ವೆಲ್ ನೀರು, ಅದೂ ಸಾವಿರ ಅಡಿ ದಾಟಿ ಕೊರೆದದ್ದು.

ಲೆಕ್ಕ ಹಾಕೋಣ. ಸಾವಿರ ಅಡಿ ಅಂದ್ರೆ ಸುಮಾರು 300 ಮೀಟರ್. ಅಷ್ಟು ಆಳದಿಂದ ಸಾವಿರ ಲೀಟರ್ ಎತ್ತೋಕೆ ಕನಿಷ್ಠ ಶಕ್ತಿ, ದ್ರವ್ಯರಾಶಿ ಗುಣಿಸು ಜಿ ಗುಣಿಸು ಎತ್ತರ: 1000 × 9.81 × 300, ಅಂದ್ರೆ ಸುಮಾರು 29.4 ಲಕ್ಷ ಜೂಲ್, 0.82 ಯೂನಿಟ್ ಕರೆಂಟ್. ಇವತ್ತಿಗೆ ಇದು ಏನೂ ಅಲ್ಲ. ಕರೆಂಟ್ ಹೋದ ಮೇಲೆ? ಒಬ್ಬ ಆರೋಗ್ಯವಂತ ಮನುಷ್ಯ ತುಂಬಾ ಹೊತ್ತು ಕೊಡಬಲ್ಲ ಶಕ್ತಿ ಸುಮಾರು 75 ವಾಟ್. ಒಂದು ಹನಿಯೂ ನಷ್ಟ ಇಲ್ಲದ ಆದರ್ಶ ಯಂತ್ರ ಕೊಟ್ರೂ ಸಾವಿರ ಲೀಟರ್‌ಗೆ 11 ಗಂಟೆ ತುಳೀಬೇಕು. ಒಬ್ಬರಿಗೆ ದಿನಕ್ಕೆ 20 ಲೀಟರ್ ಅಂದ್ರೆ 13 ನಿಮಿಷ, 100 ಜನಕ್ಕೆ ಹತ್ತತ್ರ 22 ಗಂಟೆ. ಆದ್ರೆ ಅಂಥ ಯಂತ್ರ ಇಲ್ಲ. ಊರೂರಲ್ಲಿ ಕಾಣೋ ಇಂಡಿಯಾ ಮಾರ್ಕ್ 2 ಕೈಪಂಪ್ ಮಾಡಿರೋದೇ 50 ಮೀಟರ್ ಆಳದವರೆಗೆ. ಅಂದ್ರೆ ಕರೆಂಟ್ ಇಲ್ಲದ ದಿನ ಆಳದ ಬೋರ್‌ವೆಲ್ ಒಂದು ತೂತು, ಅಷ್ಟೇ.

ಡೀಸೆಲ್ ಇದ್ರೆ? ಒಂದು ಲೀಟರ್ ಡೀಸೆಲ್‌ನಿಂದ ಜನರೇಟರ್ ಸುಮಾರು 3 ಯೂನಿಟ್ ಕೊಡತ್ತೆ. ಪಂಪಿನಲ್ಲಿ ಅರ್ಧ ನಷ್ಟ ಅಂತ ಹಿಡಿದ್ರೆ 1,800 ಲೀಟರ್ ನೀರು ಬರತ್ತೆ. ಹಾಗಾಗಿ ಗೌರಿಬಿದನೂರಿನ ಆಟದಲ್ಲಿ ಡೀಸೆಲ್ ಅನ್ನೋದು ಗಾಡಿ ಓಡಿಸೋ ಇಂಧನ ಅಲ್ಲ, ಕುಡಿಯೋ ನೀರು. ಜೀಪಿನಲ್ಲಿ ಪಕ್ಕದ ಊರಿಗೆ ಹೋಗಿ ಬರೋಕೆ 3 ಲೀಟರ್ ಸುಟ್ರೆ, 270 ಜನರ ಒಂದು ದಿನದ ನೀರನ್ನ ಸುಟ್ಟ ಹಾಗೆ. ಈ ಒಂದು ವಾಕ್ಯ ಮೇಜಿನ ಮೇಲೆ ಇಟ್ಟು ನೋಡಿ, ಆಟಗಾರರು ಬಂದೂಕಿನ ವಿಷಯ ಮರೆತು ಜೀಪ್ ಬೇಕಾ ಬೇಡ್ವಾ ಅಂತ ಕಿತ್ತಾಡ್ತಾರೆ.

ಎರಡನೇ ತೊಂದರೆ ಫ್ಲೋರೈಡ್. ಕುಡಿಯೋ ನೀರಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಒಳಗೆ ಇರ್ಬೇಕು, ಬೇರೆ ದಾರಿ ಇಲ್ಲದಿದ್ರೆ 1.5ರ ತನಕ ಸರಿ ಅನ್ನೋದು ನಮ್ಮ ದೇಶದ ಮಾನದಂಡ. ಗ್ರಾನೈಟ್ ಬಂಡೆಯ ಆಳದ ನೀರಲ್ಲಿ ಅದು ಮೀರೋ ಜಾಗಗಳು ಈ ಸೀಮೆಯಲ್ಲಿ ಬೇಕಾದಷ್ಟು. ವರ್ಷಗಟ್ಟಲೆ ಕುಡಿದ್ರೆ ಹಲ್ಲು ಕಂದು ಬಣ್ಣಕ್ಕೆ ತಿರುಗತ್ತೆ, ಮೂಳೆ, ಕೀಲು ಬಿಗಿಯತ್ತೆ. ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗತ್ತೆ. ಅಂದ್ರೆ ಪುಸ್ತಕದ ‘ಕುದಿಸಿದ್ರೆ ಶುದ್ಧ’ ರೂಲ್ ಇಲ್ಲಿ ಉಲ್ಟಾ. ಇವತ್ತು ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ತಾರಲ್ಲ, ಆ ಆರ್‌ಒ ಯಂತ್ರಕ್ಕೆ ಕರೆಂಟೂ ಬೇಕು, ಮೆಂಬ್ರೇನೂ ಬೇಕು. ಎರಡೂ ಇಲ್ಲದಾಗ ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ ಇದೆ: ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ತಳಕ್ಕೆ ಕೂರೋಕೆ ಬಿಟ್ಟು, ಸೋಸೋದು. ಆಟದಲ್ಲಿ ಒಂದು ಮೂಟೆ ಪಟಿಕ ಒಂದು ಪೆಟ್ಟಿಗೆ ಗುಂಡಿಗಿಂತ ಬೆಲೆಬಾಳತ್ತೆ.

ಮೂರನೇದು ಕೆರೆಗಳು. ಹೆಬ್ಬಾಳ–ನಾಗವಾರ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡ್ತಾರೆ, ಅಂತರ್ಜಲ ಏರಲಿ ಅಂತ. ಬೆಂಗಳೂರಲ್ಲಿ ನಲ್ಲಿ ನಿಂತ ದಿನ ಆ ಕೆರೆಗಳಿಗೂ ನೀರು ನಿಲ್ಲತ್ತೆ.

ಹಾಗಿದ್ರೆ ಬದುಕೋದು ಹೇಗೆ? ಇಲ್ಲಿ ಕುಡುಮಲಕುಂಟೆಯ ನಿಧಿ ಕಾಣತ್ತೆ: ಫ್ಯಾಕ್ಟರಿ ಶೆಡ್‌ಗಳ ಶೀಟ್ ಛಾವಣಿ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲ ಅನ್ನೋಷ್ಟು ಕಡಿಮೆ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂತ ಇಟ್ಕೊಳ್ಳಿ, ಅದರಲ್ಲಿ 80 ಪರ್ಸೆಂಟ್ ಹಿಡಿದ್ವಿ. 2,000 ಚದರ ಮೀಟರಿನ ಒಂದು ಶೆಡ್‌ನಿಂದ 11.2 ಲಕ್ಷ ಲೀಟರ್. ದಿನಕ್ಕೆ 20 ಲೀಟರ್ ಲೆಕ್ಕದಲ್ಲಿ 150 ಜನಕ್ಕೆ ಇಡೀ ವರ್ಷ. ಒಂದು ಹನಿ ಡೀಸೆಲ್ ಬೇಡ. ಕಷ್ಟ ಇರೋದು ಶೇಖರಣೆಯಲ್ಲಿ: ಮಳೆ ಬರೋದು ಕೆಲವೇ ತಿಂಗಳು, ಮಳೆ ಇಲ್ಲದ ಆರು ತಿಂಗಳಿಗಾದ್ರೂ ಐದಾರು ಲಕ್ಷ ಲೀಟರ್ ಎಲ್ಲಾದ್ರೂ ಹಿಡಿದಿಡಬೇಕು. ಸಂಪು ಸಾಲಲ್ಲ, ಹೊಸದಾಗಿ ತೋಡಿ, ತಳಕ್ಕೆ ಟಾರ್ಪಾಲ್ ಹಾಸಿ, ಮೇಲೆ ಮುಚ್ಚಬೇಕು. ಮುಂಗಾರು ಬರೋಕೆ ಇನ್ನು 40 ದಿನ ಇದೆ, ಕೈಯಲ್ಲಿ 60 ಜನ, 200 ಲೀಟರ್ ಡೀಸೆಲ್ ಅಂತ ರೆಫ್ರೀ ಹೇಳಿದ್ರೆ ಸಾಕು, ಮೂರು ಸಂಜೆಯ ಆಟ ಸಿದ್ಧ.

ಲೆಕ್ಕದ ಪುಸ್ತಕ ಯಾಕೆ ಬೇಕು

ಈಗ ಮೂರನೇ ಜಗಳಕ್ಕೆ ವಾಪಸ್. ಶಿಫ್ಟ್, ಪಾಲು, ಲೀಟರ್ ಅಂತ ಬರ್ಕೊಳ್ಳೋದು ಬೋರಿಂಗ್ ಅನ್ನೋರಿಗೆ ನನ್ನ ಉತ್ತರ ಇದು. ಆ ಲೆಕ್ಕ ಇಲ್ಲದಿದ್ರೆ ಪ್ರಳಯದ ಕಥೆ ಬರೀ ಬಂದೂಕಿನ ಕಥೆ ಆಗತ್ತೆ. ಸಿನಿಮಾದಲ್ಲಿ ಹೀರೋ ಒಬ್ಬನೇ ಬೈಕ್ ಮೇಲೆ ಧೂಳು ಎಬ್ಬಿಸ್ತಾ ಹೋಗ್ತಾನೆ, ಅವನು ಕುಡಿದ ನೀರು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಹೊಸ ಎಡಿಷನ್ ದಿನಾ ಕೇಳತ್ತೆ. ಕೇಳಿದಾಗ ಗೊತ್ತಾಗೋದು, ಒಬ್ಬನೇ ಇರೋನು ಬದುಕಲ್ಲ. ಒಬ್ಬ ನಿದ್ದೆ ಮಾಡುವಾಗ ಇನ್ನೊಬ್ಬಳು ಕಾಯ್ಬೇಕು, ಮತ್ತೊಬ್ಬ ಗುಂಡಿ ತೋಡ್ಬೇಕು.

ಇನ್ನೊಂದು ಕಾರಣವೂ ಇದೆ. ಪೋಲೆಂಡಿನ ಆಟಗಾರನಿಗೆ ನೀರಿಗೆ ಕ್ಯೂ ನಿಲ್ಲೋದು ಪ್ರಳಯದ ಚಿತ್ರ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಬೇಸಿಗೆಯ ಮಂಗಳವಾರ. ಟ್ಯಾಂಕರ್ ಬರೋ ದಿನ ನೋಡ್ಕೊಂಡು ಬಟ್ಟೆ ಒಗೆಯೋ ಅಮ್ಮಂದಿರು, ಬೋರ್ ಫೇಲ್ ಆಯ್ತು ಅಂತ ಮೂರನೇದು ಕೊರೆಸೋ ರೈತರು, ಈ ಆಟದ ರೂಲ್ ಬುಕ್ಕನ್ನ ಓದದೇ ಆಡ್ತಾ ಇದ್ದಾರೆ. ಹಾಗಾಗಿ ಗೌರಿಬಿದನೂರಿನ ಮ್ಯಾಪಿನಲ್ಲಿ ಆಡುವಾಗ ‘ಬರಗಾಲ’ ಅನ್ನೋದನ್ನ ಮಜಾ ಕೊಡೋ ಬ್ಯಾಕ್‌ಗ್ರೌಂಡ್ ಥರ ಇಡಬಾರದು ಅನ್ನೋದು ನನ್ನ ಅಭಿಪ್ರಾಯ. ಊರವರ ಪಾತ್ರಗಳಿಗೆ ಆಟಗಾರರಿಗಿಂತ ಜಾಸ್ತಿ ಗೊತ್ತಿರ್ಬೇಕು. ಯಾವ ಹಳೇ ಬಾವಿಯಲ್ಲಿ ಇನ್ನೂ ತೇವ ಇದೆ, ಯಾವ ಕೆರೆಯ ತೂಬು ಮುಚ್ಚಿದೆ ಅನ್ನೋದು ಗೊತ್ತಿರೋದು ಅಜ್ಜಿಗೆ, ಇಂಜಿನಿಯರ್‌ಗೆ ಅಲ್ಲ.

ಆಡೋರಿಗೆ ಒಂದಷ್ಟು ಸಲಹೆ

ಹೊಸ ಎಡಿಷನ್ ತಗೊಳ್ಬೇಕಾ ಅಂದ್ರೆ, ಹೌದು ಅಂತೀನಿ. ಬಾಕ್ಸ್ ಸೆಟ್‌ನಲ್ಲಿ ಎರಡು ಪುಸ್ತಕ, ಮ್ಯಾಪ್, ಡೈಸ್, ಕಾರ್ಡ್ ಎಲ್ಲಾ ಬರತ್ತೆ, ಆದ್ರೆ ವಿದೇಶದಿಂದ ತರಿಸೋದು ದುಬಾರಿ. ನಾಲ್ಕೈದು ಜನ ದುಡ್ಡು ಹಾಕಿ ಒಂದು ಪಿಡಿಎಫ್ ಕೊಂಡ್ರೆ ಸಾಕು. ಎನ್‌ಕೌಂಟರ್ ಕಾರ್ಡಿಗೆ ಮಾಮೂಲಿ ಇಸ್ಪೀಟ್ ಕಟ್ಟು ನಡೆಯತ್ತೆ. 8, 10, 12 ಮುಖದ ಡೈಸ್ ಇಲ್ಲದಿದ್ರೆ ಫೋನಿನಲ್ಲಿ ರ್‍ಯಾಂಡಮ್ ನಂಬರ್ ತೆಗೀಬಹುದು, ಆದ್ರೆ ಕೈಯಲ್ಲಿ ಉರುಳಿಸೋ ಸುಖವೇ ಬೇರೆ.

ಕನ್ನಡದಲ್ಲಿ ಆಡಿ. ರೂಲ್ಸ್ ಇಂಗ್ಲಿಷಲ್ಲಿದೆ ಅಂತ ಆಟವೂ ಇಂಗ್ಲಿಷಲ್ಲೇ ಆಗ್ಬೇಕಿಲ್ಲ. ನನ್ನಂಥ ಇಂಗ್ಲಿಷ್ ಮೀಡಿಯಂ ಗಿರಾಕಿಗಳಿಗೆ ಮೊದಲ ಅರ್ಧ ಗಂಟೆ ನಾಲಿಗೆ ತಡವರಿಸತ್ತೆ. ಆದ್ರೆ “ಯಜಮಾನ್ರೇ, ಒಂದು ಬಿಂದಿಗೆ ನೀರು ಕೊಡಿ, ಪಂಪ್ ರಿಪೇರಿ ಮಾಡ್ಕೊಡ್ತೀವಿ” ಅಂತ ಕೇಳಿದಾಗ ಬರೋ ಜೀವ, ಅದನ್ನೇ ಇಂಗ್ಲಿಷಲ್ಲಿ ಕೇಳಿದಾಗ ಬರಲ್ಲ.

ಗೌರಿಬಿದನೂರು ಮ್ಯಾಪಿಗೆ ನಾನು ಹಾಕಿರೋ ಬದಲಾವಣೆ ಮೂರೇ. ಒಂದು, ನೀರಿನ ಪಾಲಿನಲ್ಲಿ ‘ಕೊಳಕು’, ‘ಶುದ್ಧ’ ಜೊತೆಗೆ ‘ಬೋರ್ ನೀರು’ ಅಂತ ಮೂರನೇ ಜಾತಿ: ಇವತ್ತು ಕುಡಿದ್ರೆ ಏನೂ ಆಗಲ್ಲ, ಆದ್ರೆ ಕ್ಯಾಂಪೇನಿನಲ್ಲಿ ಒಂದು ವರ್ಷ ಕಳೆದ್ರೆ ಬಲದ ಗ್ರೇಡ್ ಒಂದು ಇಳಿಯತ್ತೆ. ಎರಡು, ಡೀಸೆಲ್ಲನ್ನ ಲೀಟರ್ ಜೊತೆ ‘ಎಷ್ಟು ಜನದ ನೀರು’ ಅಂತಲೂ ಬರೀಬೇಕು, ಲೀಟರ್‌ಗೆ 90 ಜನ. ಮೂರು, ಅರೇಯ ಕೇಬಲ್ಲನ್ನೂ ರೇಡಿಯೋ ಆಂಟೆನಾದ ತಂತಿಯನ್ನೂ ಕಿತ್ತು ಬಳಸೋಕೆ ಆಟಗಾರರಿಗೆ ಬಿಡಬೇಕು, ಆದ್ರೆ ಬೆಲೆ ಹೇಳ್ಬೇಕು. ತಂತಿ ಕಿತ್ರೆ ಈ ವಾರ ಶೆಡ್‌ಗೆ ವೈರಿಂಗ್ ಆಗತ್ತೆ. ಉಳಿಸಿಕೊಂಡ್ರೆ, ದೂರದಲ್ಲಿ ಇನ್ನೂ ಬಾಂಬ್ ಸಿಡೀತಿದೆಯಾ ನಿಂತಿದೆಯಾ ಅಂತ ತಿಳಿಯೋ ಒಂದೇ ಕಿವಿ ಉಳಿಯತ್ತೆ. ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ, ಮೇಜಿನ ಸುತ್ತ ಕೂತವರೇ ವೋಟ್ ಹಾಕ್ಬೇಕು.

ಆಡೋ ಆಸೆ ಇರೋರು ಕ್ಲಬ್ಬಿನವರಲ್ಲಿ ಯಾರಿಗಾದ್ರೂ ಹೇಳಿ. ಯಾವ ಬ್ರ್ಯಾಂಚ್ ಆದ್ರೂ ನಡೆಯತ್ತೆ. ಸಿವಿಲ್‌ನವರು ಬಂದ್ರೆ ಆ ಐದು ಲಕ್ಷ ಲೀಟರಿನ ಹೊಂಡದ ಗೋಡೆ ಎಷ್ಟು ದಪ್ಪ ಇರ್ಬೇಕು ಅಂತ ಕೇಳೋದಿದೆ.